ಎಲ್ಲರಿಗೂ ಒಂದು ಪ್ಯಾಶನ್ ಇದೆ, ನನಗೆ ಮಾತ್ರ ಇಲ್ಲ. ಹುಡುಕುವುದು ಹೇಗೆ?

ಲೆಕ್ಕದವ
ನನಗೀಗ 32. ಹತ್ತು ವರ್ಷದಿಂದ ಅಕೌಂಟ್ಸ್ ಕೆಲಸ. ಸಂಬಳ ಸರಿಯಾಗಿ ಬರುತ್ತೆ, ದೂರುವಂಥದ್ದೇನಿಲ್ಲ. ಆದರೆ ಯಾರನ್ನು ನೋಡಿದರೂ ‘ಇದೇ ನನ್ನ ಪ್ಯಾಶನ್’ ಅಂತಾರೆ, ಒಬ್ಬ ಗೆಳೆಯನಂತೂ ಕೆಲಸ ಬಿಟ್ಟು ಜನರನ್ನು ಬೆಟ್ಟ ಹತ್ತಿಸಲು ಹೊರಟ. ನಾನೂ ಗಿಟಾರ್ ತಂದೆ. ಮೂರು ವಾರ ಬಾರಿಸಿದೆ, ಬೆರಳು ನೋವು, ಈಗ ಅದು ಬೀರು ಮೇಲೆ ಧೂಳು ಹಿಡಿದು ಕೂತಿದೆ. ಆನ್‌ಲೈನಲ್ಲಿ ನಾಲ್ಕು ಪರೀಕ್ಷೆ ತಗೊಂಡೆ. ಒಂದು ಮೇಷ್ಟ್ರಾಗು ಅಂತು, ಇನ್ನೊಂದು ತೋಟ ಮಾಡು ಅಂತು. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ಎಲ್ಲರೂ ತಲೆ ಚಚ್ಚಿಕೊಳ್ಳುವಾಗ ನಾನು ತಪ್ಪು ಹಿಡಿದುಕೊಟ್ಟರೆ ಒಂಥರಾ ಖುಷಿಯಾಗುತ್ತೆ, ಅಷ್ಟೇ. ಅದನ್ನು ಯಾರಾದರೂ ಪ್ಯಾಶನ್ ಅಂತಾರಾ? ಕಂಡುಕೊಂಡವರು ಹೇಗೆ ಕಂಡುಕೊಂಡಿರಿ, ಹೇಳಿ.

ನಿಧಾನಿ
‘ಹುಡುಕುವುದು’ ಅನ್ನುವ ಮಾತಲ್ಲೇ ಎಡವಟ್ಟಿದೆ ಸರ್. ಎಲ್ಲೋ ಬಚ್ಚಿಟ್ಟ ವಸ್ತು ಥರ, ಕೈಗೆ ಸಿಕ್ಕ ದಿನ ಎಲ್ಲ ಸರಿಹೋಗುತ್ತೆ ಅಂತ. 2018ರಲ್ಲಿ ಓಕೀಫ್, ಡ್ವೆಕ್, ವಾಲ್ಟನ್ ಅನ್ನುವ ಮೂವರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದ್ದರು. ಮೊದಲು ಕಪ್ಪು ಕುಳಿಗಳ ಬಗ್ಗೆ ಒಂದು ಚೆಂದದ ವಿಡಿಯೋ ತೋರಿಸಿದರು. ಹೆಚ್ಚಿನವರಿಗೆ ಇಷ್ಟವಾಯಿತು. ಆಮೇಲೆ ಅದೇ ವಿಷಯದ ಮೇಲೆ ಒಂದು ಕಬ್ಬಿಣದ ಕಡಲೆಯಂಥ ಲೇಖನ ಕೊಟ್ಟರು. ಆಸಕ್ತಿ ಹುಟ್ಟಿನಿಂದಲೇ ಬರುತ್ತೆ ಅಂತ ನಂಬಿದವರಿಗೆ ಅಲ್ಲಿ ಆಸಕ್ತಿ ಜಾಸ್ತಿ ಕುಸಿಯಿತು. ಬೆಳೆಸಿಕೊಳ್ಳಬಹುದು ಅಂದುಕೊಂಡವರಿಗೆ ಅಷ್ಟಾಗಿ ಇಲ್ಲ. ಗಿಟಾರ್ ಮೂರನೇ ವಾರ ಯಾರಿಗೂ ಇಷ್ಟವಾಗಲ್ಲ, ಬೆರಳ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ ಅಲ್ವಾ.

ಮೀನ್ಚುಳ್ಳಿ
ನನ್ನದು ಉಲ್ಟಾ ಕಥೆ. ಹಕ್ಕಿ ಫೋಟೋದ ಹುಚ್ಚಿತ್ತು. ಕತ್ತಲಿರುವಾಗಲೇ ಎದ್ದು ಹೋಗಿ, ಒಂದು ಮೀನ್ಚುಳ್ಳಿ ನೀರಿಗೆ ಧುಮುಕುವ ಗಳಿಗೆಗಾಗಿ ಮೂರು ಗಂಟೆ ಸೊಳ್ಳೆ ಕಚ್ಚಿಸಿಕೊಂಡು ಕೂರುತ್ತಿದ್ದೆ. ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳೋಣ ಅಂತ ಕೆಲಸ ಬಿಟ್ಟೆ. ಹಕ್ಕಿ ಫೋಟೋಗೆ ದುಡ್ಡು ಕೊಡುವವರಿಲ್ಲ, ಸಮಾರಂಭ ಹಿಡಿದೆ. ಎರಡು ವರ್ಷದಲ್ಲಿ ಕ್ಯಾಮೆರಾ ಕಂಡರೆ ಮೈ ಉರಿಯತೊಡಗಿತು. 1973ರ ಒಂದು ಪ್ರಯೋಗ ಇದೆ: ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳಿಗೆ ‘ಬಿಡಿಸಿದರೆ ಬಹುಮಾನ’ ಅಂತ ಮೊದಲೇ ಹೇಳಿದರು. ಆಮೇಲೆ ಸುಮ್ನೆ ಆಡಲು ಬಿಟ್ಟಾಗ ಆ ಮಕ್ಕಳೇ ಸ್ಕೆಚ್ ಪೆನ್ ಮುಟ್ಟಿದ್ದು ಕಡಿಮೆ. ಓದಿ ನನ್ನ ಕಥೆಯೇ ಅನಿಸಿತು. ಈಗ ಮತ್ತೆ ನೌಕರಿಯಲ್ಲಿದ್ದೇನೆ, ಭಾನುವಾರ ಮಾತ್ರ ಹಕ್ಕಿ. ನೆಮ್ಮದಿಯಾಗಿದೆ. ಆ ಬೆಟ್ಟದ ಗೆಳೆಯನನ್ನು ಎರಡು ವರ್ಷ ಬಿಟ್ಟು ಕೇಳಿ ನೋಡಿ.

ಸುಮ್ನಿರಿ
ಪ್ಯಾಶನ್ ಇಲ್ಲದಿದ್ದರೆ ಆಕಾಶವೇನೂ ತಲೆ ಮೇಲೆ ಬೀಳಲ್ಲ. ಆರು ಗಂಟೆಗೆ ಮನೆಗೆ ಹೋಗಿ ಮಲಗಿ.

ಹಳೇ ಆಡಿಟರ್
ಎಲ್ಲರೂ ಗಿಟಾರ್ ಹಿಂದೆ ಹೋದಿರಿ, ಇವರು ಬರೆದ ಆ ಒಂದು ಸಾಲನ್ನು ಯಾರೂ ನೋಡಲಿಲ್ಲ. ಲೆಕ್ಕದವರೇ, ತಾಳೆಯಾಗದ ಲೆಕ್ಕ ಸಿಕ್ಕಾಗ ಮೊದಲು ಏನು ಮಾಡುತ್ತೀರಿ? ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತೀರಿ ತಾನೇ? 540 ಅನ್ನು 450 ಅಂತ ಬರೆದರೆ ವ್ಯತ್ಯಾಸ 90. ಅಂಕಿ ಅದಲುಬದಲಾದರೆ ಯಾವಾಗಲೂ 9ರಿಂದ ಭಾಗ ಹೋಗುತ್ತೆ. ಇದನ್ನು ಕಲಿತ ದಿನ ಖುಷಿಯಾಗಿತ್ತಾ, ಇಲ್ಲ ‘ಓ ಸರಿ’ ಅಂತ ಬಿಟ್ಟಿರಾ? ಖುಷಿಯಾಗಿದ್ದರೆ ಇದನ್ನೂ ಕೇಳಿ. 1881ರಲ್ಲಿ ಸೈಮನ್ ನ್ಯೂಕಾಂಬ್ ಅನ್ನುವ ಖಗೋಳ ವಿಜ್ಞಾನಿ, ಲಾಗರಿದಮ್ ಪುಸ್ತಕದ (ದೊಡ್ಡ ಗುಣಾಕಾರ ಸುಲಭ ಮಾಡಿಕೊಳ್ಳಲು ಆಗ ಬಳಸುತ್ತಿದ್ದ, ಸಂಖ್ಯೆಗಳನ್ನು 1ರಿಂದ ಕ್ರಮವಾಗಿ ಜೋಡಿಸಿದ ಕೋಷ್ಟಕ) ಮೊದಲ ಹಾಳೆಗಳು ಮಾತ್ರ ಜಾಸ್ತಿ ಕೊಳೆಯಾಗಿರುವುದನ್ನು ಗಮನಿಸಿದ. ಅಂದರೆ ಜನ 1ರಿಂದ ಶುರುವಾಗುವ ಸಂಖ್ಯೆಗಳನ್ನೇ ಹೆಚ್ಚು ಹುಡುಕುತ್ತಿದ್ದರು. 1938ರಲ್ಲಿ ಬೆನ್‌ಫರ್ಡ್ ಸಾವಿರಾರು ಅಂಕಿ ಒಟ್ಟುಹಾಕಿ ಇದನ್ನೇ ತೋರಿಸಿದ, ನಿಯಮಕ್ಕೆ ಅವನ ಹೆಸರೇ ಉಳಿಯಿತು. ತಾನಾಗಿ ಹುಟ್ಟಿದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 30 ಸಂಖ್ಯೆ 1ರಿಂದ ಶುರುವಾಗುತ್ತವೆ, 9ರಿಂದ ಶುರುವಾಗುವವು 5 ಕೂಡ ಇರಲ್ಲ. ಕೂತು ಸೃಷ್ಟಿಸಿದ ಸುಳ್ಳು ಬಿಲ್ಲುಗಳಲ್ಲಿ ಈ ಹದ ತಪ್ಪುವುದುಂಟು. ಇದನ್ನೇ ಹಿಡಿದು ಕಳ್ಳಲೆಕ್ಕ ಪತ್ತೆ ಮಾಡುವುದು ಒಂದು ಕೆಲಸ, ಫೊರೆನ್ಸಿಕ್ ಅಕೌಂಟಿಂಗ್ ಅಂತ. ಕೆಲಸ ಬಿಡಬೇಡಿ. ನಿಮ್ಮ ಬಿಲ್ಲುಗಳ ಮೇಲೇ ಒಂದು ಸಲ ಈ ಎಣಿಕೆ ಮಾಡಿ ನೋಡಿ.

ಲೆಕ್ಕದವ
9ರದ್ದು ಗೊತ್ತು ಸರ್! ಹೋದ ತಿಂಗಳು 1,782 ವ್ಯತ್ಯಾಸ ಬಂತು. 9ರಿಂದ ಭಾಗ ಹೋಗುತ್ತೆ, ಆದರೆ ಎಷ್ಟು ತಡಕಿದರೂ ಅಂಥ ತಪ್ಪು ಒಂದೂ ಇಲ್ಲ. ಎಲ್ಲರೂ ಹೊರಟರು. ಲಿಫ್ಟ್ ಹತ್ತಿರ ಹೋದವನು ವಾಪಸ್ ಬಂದೆ. ತಪ್ಪು ಒಂದಲ್ಲ, ಎರಡಿತ್ತು. 5,342 ಇದ್ದದ್ದು 3,542 ಆಗಿತ್ತು, ಇನ್ನೊಂದು ಕಡೆ 46 ಇದ್ದದ್ದು 64. 1,800 ಕಡಿಮೆ, 18 ಜಾಸ್ತಿ. ಗಡಿಯಾರ ನೋಡಿದರೆ ಒಂಬತ್ತೂವರೆ, ಒಬ್ಬನೇ ನಗುತ್ತಿದ್ದೆ.

ಬೆನ್‌ಫರ್ಡ್ ಹೆಸರು ಕೇಳಿರಲಿಲ್ಲ. ಇವತ್ತು ಊಟದ ಬಿಡುವಲ್ಲಿ ಹೋದ ವರ್ಷದ ಬಿಲ್ಲುಗಳನ್ನೆಲ್ಲ ಮೊದಲ ಅಂಕಿ ಪ್ರಕಾರ ವಿಂಗಡಿಸಿದೆ. 1ರದ್ದು ಹೆಚ್ಚುಕಡಿಮೆ ನೀವು ಹೇಳಿದಷ್ಟೇ ಬಂತು. 4ರಿಂದ ಶುರುವಾಗುವವು ಮಾತ್ರ ಯಾಕೋ ಜಾಸ್ತಿ ಇವೆ. ಒಂದಷ್ಟು ತೆಗೆದು ನೋಡುತ್ತಿದ್ದೇನೆ, ಆಮೇಲೆ ಬರೆಯುತ್ತೇನೆ.