ಪದ ಬೇಕು: ಫ್ರಿಜ್ ಬಗ್ಗೆ ‘ಗ್ಯಾಸ್ ಖಾಲಿ’ ಅಂತ ಬರೆಯಬಹುದಾ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಫ್ರಿಜ್ ರಿಪೇರಿ ಅಂಗಡಿ ಇಟ್ಟಿರುವ ಸ್ನೇಹಿತರಿಗೆ ಒಂದು ಪುಟದ ಕರಪತ್ರ ಮಾಡಿಕೊಡುತ್ತಿದ್ದೇನೆ. ‘ಫ್ರಿಜ್ ತಣ್ಣಗಾಗದಿದ್ದರೆ ಮೊದಲು ನೀವೇ ನೋಡಿ’ ಅಂತ ತಲೆಬರಹ. ನಾಳೆ ಮಧ್ಯಾಹ್ನ ಪ್ರೆಸ್‌ಗೆ ಹೋಗಬೇಕು. ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಬಾಗಿಲಂಚಿನ ಗ್ಯಾಸ್ಕೆಟ್, ಅಂದರೆ ಬಾಗಿಲು ಬಿಗಿಯಾಗಿ ಕೂರುವಂತೆ ಮಾಡುವ ಪಟ್ಟಿ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆದರೆ ಸಲೀಸಾಗಿ ಬಂತು ಅಂದರೆ ಅದು ಸಡಿಲವಾಗಿದೆ ಅಂತ ಬರೆದಿದ್ದೇನೆ. ಹೆಸರು ಏನಂತ ಹಾಕಲಿ? ಎರಡನೆಯದು ಡಿಫ್ರಾಸ್ಟ್, ಫ್ರೀಜರ್‌ನಲ್ಲಿ ಕಟ್ಟಿದ ಐಸ್ ತೆಗೆಯುವುದು. ಮೂರನೆಯದು ರಿಪೇರಿಯವರೆಲ್ಲ ಹೇಳುವ ‘ಗ್ಯಾಸ್ ಖಾಲಿ ಆಗಿದೆ’. ಹಾಗೇ ಬಿಡಲಾ?

ಉತ್ತರ 1

ಮೊದಲು ‘ಫ್ರಿಜ್’ ತೆಗೆಯಿರಿ. ‘ತಂಪುಪೆಟ್ಟಿಗೆ’ ಅನ್ನಿ. ತಣ್ ನಮ್ಮ ಹಳೆಯ ಬೇರು. ತಣ್ಪು ತಂಪಾಯಿತು. ತಣ್ ಸೇರಿ ತಂಗಾಳಿ, ಕೂಳಿನ ಜೊತೆ ಸೇರಿ ತಂಗಳು. ರಾತ್ರಿ ಉಳಿದ ಅನ್ನಕ್ಕೆ ಹೆಸರು ಕೊಟ್ಟ ಬೇರು, ಆ ಅನ್ನ ಇಡುವ ಪೆಟ್ಟಿಗೆಗೂ ಹೆಸರು ಕೊಡಬಲ್ಲದು ಅಲ್ವಾ? ಡಿಫ್ರಾಸ್ಟ್‌ಗೆ ‘ಮಂಜುಬಿಡಿಸು’. ‘ಖಾಲಿ’ ಅರಬ್ಬಿಯಿಂದ ಬಂದದ್ದು. ‘ಬರಿದು’ ಇರುವಾಗ ಅದು ಯಾಕೆ?

ಉತ್ತರ 2

‘ಮಂಜುಬಿಡಿಸು’ ಬೇಡವೇ ಬೇಡ. ಬಿಡಿಸು ಅಂದರೆ ಜನ ಚಾಕು ತರುತ್ತಾರೆ. ನಮ್ಮ ಮನೆಯಲ್ಲಿ ಆದದ್ದೇ ಅದು. ಸಿಂಗಲ್ ಡೋರ್ ಫ್ರಿಜ್‌ನ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗಿತ್ತು. ಅಮ್ಮ ಚಾಕುವಿನಿಂದ ಎಬ್ಬಿಸಿದರು. ಗ್ಯಾಸ್ ಹರಿಯುವ ಒಳಗಿನ ತಗಡಿಗೆ ಸೂಜಿಮೊನೆಯಷ್ಟು ತೂತು ಬಿತ್ತು. ‘ಕರಗಿಸು’ ಅನ್ನಿ. ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಐಸ್ ತಾನಾಗಿ ಕರಗಲು ಬಿಡಬೇಕು. ಪದವೇ ಕೆಲಸ ಹೇಳಿಕೊಡುತ್ತದೆ.

‘ಖಾಲಿ’ಯೂ ತಪ್ಪು, ‘ಬರಿದು’ ಅಂದರೂ ತಪ್ಪು. ಮೂಲ ಅರಬ್ಬಿ ಅನ್ನುವ ಕಾರಣಕ್ಕಲ್ಲ. ಒಲೆಯ ಸಿಲಿಂಡರ್ ಖಾಲಿ ಆಗುತ್ತದೆ, ಯಾಕೆಂದರೆ ಆ ಗ್ಯಾಸ್ ಉರಿದು ಮುಗಿಯುತ್ತದೆ. ಫ್ರಿಜ್‌ನ ತಂಪು ಮಾಡುವ ಗ್ಯಾಸ್ ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ನಮ್ಮ ಮನೆಗೆ ಬಂದವರು ‘ಖಾಲಿ’ ಅಂದರು, ನಾವೂ ಸಿಲಿಂಡರ್ ಹಾಗೆ ಅಂದುಕೊಂಡು ದುಡ್ಡು ಕೊಟ್ಟು ತುಂಬಿಸಿದೆವು. ಸ್ವಲ್ಪ ದಿನಕ್ಕೆ ಹಾಲು ಒಡೆಯಿತು. ಮತ್ತೆ ತುಂಬಿಸಿದೆವು. ಮೂರನೇ ಸಲ ಬಂದವರು ಚಾಕುವಿನ ಆ ತೂತು ತೋರಿಸಿದರು. ದಯವಿಟ್ಟು ‘ಸೋರಿದೆ’ ಅಂತಲೇ ಬರೆಯಿರಿ.

ಗ್ಯಾಸ್ಕೆಟ್‌ಗೆ ‘ಬಾಗಿಲ ರಬ್ಬರ್’. ಎಲ್ಲರೂ ಅನ್ನುವುದು ಅದೇ.

ಉತ್ತರ 1

‘ಸೋರಿದೆ’ ಒಪ್ಪಿದೆ, ಅಚ್ಚಗನ್ನಡ. ಆದರೆ ‘ಗ್ಯಾಸ್ ಸೋರಿದೆ’ ಅಂದರೆ ಅರ್ಧ ಕನ್ನಡವಷ್ಟೇ. ‘ಗಾಳಿ’ ಸಾಲದೇ?

ಉತ್ತರ 3

ಸಾಲದು. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಐಸೋಬ್ಯುಟೇನ್ ಅನ್ನುವ ಗ್ಯಾಸ್. ಅದಕ್ಕೆ ಬೆಂಕಿ ಹತ್ತುತ್ತದೆ. ಅದನ್ನು ಗಾಳಿ ಅಂತ ಕರೆಯುವುದು ಅಪಾಯ. ‘ಅನಿಲ’ ಅನ್ನೋಣವೆಂದರೆ ಅದೂ ಸಂಸ್ಕೃತದಿಂದ ತಂದ ಸಾಲದ ಪದ. ‘ಗ್ಯಾಸ್’ ಇಂಗ್ಲಿಷಿನ ಸ್ವಂತ ಮಾತೂ ಅಲ್ಲ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಗ್ರೀಕಿನ ‘ಖಾವೋಸ್’ನಿಂದ ಕಟ್ಟಿದ ಪದ ಅದು. ಅಲಮಾರು, ಚಾವಿ ಪೋರ್ಚುಗೀಸರಿಂದ ಬಂದವು. ಅವನ್ನು ಯಾರ ಮನೆಯಿಂದಲೂ ಹೊರಗೆ ಹಾಕಿಲ್ಲ. ಸಾಲ ತರುವುದು ತಪ್ಪಲ್ಲ. ಅರ್ಥ ಕೆಡಿಸುವ ಪದ ತಪ್ಪು.

ಉತ್ತರ 1

ಚಾವಿ ಬಂತು ಅಂತ ಬೀಗದ ಕೈ ಬಿಡಬೇಕಾ? ನನ್ನ ಪ್ರಶ್ನೆ ಅದು. ಇದ್ದ ಪದ ಸುಮ್ನೆ ಸಾಯುತ್ತದೆ.

ಕೇಳಿದವರಿಂದ

ತುಂಬಾ ಉಪಕಾರವಾಯಿತು. ತಲೆಬರಹದಲ್ಲಿ ‘ಫ್ರಿಜ್’ ಹಾಗೇ ಇರುತ್ತದೆ ಸರ್, ಅಂಗಡಿ ಬೋರ್ಡಿನಲ್ಲೂ ಅದೇ ಇದೆ. ‘ಐಸ್ ಕರಗಿಸಿ, ಚಾಕು ಹಾಕಬೇಡಿ’ ಅಂತ ಸೇರಿಸಿದೆ. ಕೊನೆಯ ಸಾಲು ಹೀಗಿದೆ: ‘ಗ್ಯಾಸ್ ತಾನಾಗಿ ಮುಗಿಯುವುದಿಲ್ಲ. ಸೋರಿದ್ದರೆ ಮೊದಲು ತೂತು ಮುಚ್ಚಿಸಿ, ಆಮೇಲೆ ತುಂಬಿಸಿ.’ ‘ತೂತು’ ಸರಿನಾ?

ಉತ್ತರ 2

‘ಸೋರುವ ಜಾಗ’ ಅನ್ನಿ. ಬೆಸುಗೆ ಬಿಟ್ಟಿದ್ದರೂ ಸೋರುತ್ತದೆ.