ಫೋನ್ ಅಪ್‌ಡೇಟ್ ವಾಪಸ್ ತೆಗೆಯುವುದು ಹೇಗೆ? ಸಹಾಯ ಬೇಕು

ನನ್ನ ಆಂಡ್ರಾಯ್ಡ್ ಫೋನ್ ಕೇಳದೆಯೇ ಹೊಸ ಸಿಸ್ಟಮ್ ಅಪ್‌ಡೇಟ್ ಹಾಕಿಕೊಂಡಿದೆ. ಆಮೇಲಿನಿಂದ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ಕರೆ ಬಂದರೆ ಸ್ಕ್ರೀನ್ ಏಳುವಷ್ಟರಲ್ಲಿ ಆ ಕಡೆಯವರು ಕಟ್ ಮಾಡಿರುತ್ತಾರೆ. ಕೀಬೋರ್ಡ್ ಕೂಡ ತಡವರಿಸುತ್ತಿತ್ತು, ಆ ಆ್ಯಪ್‌ನ ಅಪ್‌ಡೇಟ್‌ಗಳನ್ನು ಸೆಟ್ಟಿಂಗ್ಸ್‌ನಲ್ಲಿ ಅನ್‌ಇನ್‌ಸ್ಟಾಲ್ ಮಾಡಿದೆ, ಅದೊಂದು ಸರಿಹೋಯಿತು. ಆದರೆ ಇಡೀ ಸಿಸ್ಟಮ್‌ಗೆ ಅಂಥ ಬಟನ್ನೇ ಇಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಸುಮ್ನೆ ಡೇಟಾ ಹೋಗುತ್ತದೆ, ಹಳೆಯ ಆವೃತ್ತಿ ಬರುವುದಿಲ್ಲ ಅಲ್ವಾ?

ಹಳೆಯ ಫರ್ಮ್‌ವೇರ್ (ಸಿಸ್ಟಮ್ ಸಾಫ್ಟ್‌ವೇರ್) ಫ್ಲ್ಯಾಶ್ ಮಾಡೋಣ, ಅಂದರೆ ನಾನೇ ಮತ್ತೆ ಹಾಕಿಕೊಳ್ಳೋಣವೆಂದರೆ ನನ್ನ ಫೋನಿಗೆ ಬೂಟ್‌ಲೋಡರ್ (ಫೋನ್ ಆನ್ ಆದಾಗ ಸಿಸ್ಟಮ್ ಶುರುಮಾಡುವ ಪ್ರೋಗ್ರಾಂ) ಅನ್‌ಲಾಕ್ ಬೇಕು, ಆಗಲೂ ಎಲ್ಲ ಅಳಿಸಿಹೋಗುತ್ತದೆ, ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯಬಹುದು, ಆ್ಯಂಟಿ-ರೋಲ್‌ಬ್ಯಾಕ್ (ಹಳೆಯ ಆವೃತ್ತಿಗೆ ಮರಳುವುದನ್ನು ತಡೆಯುವ ವ್ಯವಸ್ಥೆ) ಇದ್ದರಂತೂ ಫೋನ್ ಆನ್ ಆಗದೇ ಹೋಗುವ ಭಯ. (ಬ್ಯಾಕಪ್ ಇದೆ, ಅದರ ಚಿಂತೆ ಬೇಡ.) ಆ್ಯಂಟಿ-ರೋಲ್‌ಬ್ಯಾಕ್ ಇದೆಯೋ ಇಲ್ಲವೋ ಮೊದಲೇ ತಿಳಿಯುವುದು ಹೇಗೆ? ಡೆವಲಪರ್ ಆಯ್ಕೆಗಳಲ್ಲಿ ಆಟೋಮ್ಯಾಟಿಕ್ ಸಿಸ್ಟಮ್ ಅಪ್‌ಡೇಟ್ ಆಫ್ ಮಾಡಿದ್ದೇನೆ, ಮುಂದಿನದ್ದನ್ನು ತಡೆಯಲು ಅಷ್ಟು ಸಾಕಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.