ಪದ ಬೇಕು: ಉದ್ಯೋಗ ವ್ಯಾಜ್ಯಗಳಲ್ಲಿ ಕಂಪನಿ ಪರ ವಾದಿಸುವ ವಕೀಲರಿಗೆ

ಗೆಳೆಯರೇ, ಒಂದು ವಕೀಲರ ಕಚೇರಿಗೆ ಕನ್ನಡ ಬೋರ್ಡ್ ಆಗಬೇಕಿದೆ. ವಜಾ, ಬಡ್ತಿಯಲ್ಲಿ ತಾರತಮ್ಯ, ಕಿರುಕುಳದ ದೂರು, ಬಾಕಿ ಸಂಬಳ ಇಂಥ ಕೇಸುಗಳಲ್ಲಿ ಇವರು ಕೆಲಸಕ್ಕೆ ಇಟ್ಟುಕೊಂಡವರ ಪರ ನಿಲ್ಲುತ್ತಾರೆ. ‘ಉದ್ಯೋಗದಾತರ ರಕ್ಷಣಾ ನ್ಯಾಯವಾದಿ’ ಅಂತ ಬರೆದಿದ್ದೇನೆ. ನಾಳೆ ಬೆಳಗ್ಗೆ ಕೊಡಬೇಕು. ಸರಿಯಿದೆಯಾ?

ಉತ್ತರ

ಸರಿಯಿಲ್ಲ. ‘ದಾತ’ ಬೇಡವೇ ಬೇಡ. ಕೆಲಸ ಯಾರೂ ಕೊಡುವ ದಾನವಲ್ಲ. ದುಡಿಮೆಗೆ ಸಂಬಳ ಅನ್ನುವ ಒಪ್ಪಂದ, ಅಷ್ಟೇ. ವ್ಯಾಜ್ಯದಲ್ಲಿ ಒಂದು ಪಕ್ಷವನ್ನು ಹೆಸರಿನಲ್ಲೇ ಮೇಲೆ ಕೂರಿಸಬಾರದು, ಅಲ್ವಾ?

‘ರಕ್ಷಣಾ’ ಕೂಡ ಅರ್ಧ ಮಾತು. ಇವರ ಕೆಲಸ ಜಾಸ್ತಿ ನಡೆಯುವುದು ಕೋರ್ಟಿನ ಹೊರಗೆ. ಆರೋಪ ಪತ್ರದಲ್ಲಿ ತಪ್ಪು ಏನೆಂದು ಸ್ಪಷ್ಟವಾಗಿದೆಯಾ? ವಿಚಾರಣೆ ಮಾಡಿದವರೇ ದೂರು ಕೊಟ್ಟವರಾ? ಅದೇ ತಪ್ಪಿಗೆ ಇನ್ನೊಬ್ಬರನ್ನು ಬರೀ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರಾ? ಹಾಜರಿ ಪುಸ್ತಕ, ಇಮೇಲ್ ಎಲ್ಲ ಉಳಿದಿವೆಯಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆ ಕೇಳುವುದೂ ಇದನ್ನೇ: ಕೆಲಸದಿಂದ ತೆಗೆಯಲು ಸರಿಯಾದ ಕಾರಣ ಇರಬೇಕು, ನಡತೆಯ ಮೇಲೆ ಆರೋಪ ಬಂದರೆ ಉತ್ತರ ಹೇಳಲು ಅವಕಾಶ ಕೊಡಬೇಕು. ಇವಿಲ್ಲದಿದ್ದರೆ ‘ಕೇಸು ನಿಲ್ಲುವುದಿಲ್ಲ, ರಾಜಿಯಾಗಿ’ ಅಂತ ತಮ್ಮ ಕಕ್ಷಿದಾರರಿಗೇ ಹೇಳಬೇಕಾಗುತ್ತದೆ. ಅದನ್ನು ರಕ್ಷಣೆ ಅನ್ನುತ್ತೀರಾ?

‘ಆಡಳಿತ ವರ್ಗದ ಪರ ವಕೀಲರು’ ಅನ್ನಿ. ಕಾರ್ಮಿಕ ಸಂಘದವರೂ ಎದುರು ಪಕ್ಷವನ್ನು ಹಾಗೇ ಕರೆಯುತ್ತಾರೆ.

ಉತ್ತರ

‘ಒಡೆಯ’ ಅನ್ನುವ ಅಚ್ಚಗನ್ನಡ ಪದ ಇರುವಾಗ ಇಷ್ಟುದ್ದ ಯಾಕೆ? ‘ಒಡೆಯರ ಪರ ವಾದಿಗ’ ಸಾಕು. ವಕೀಲ ಅರಬಿಯಿಂದ ಬಂದದ್ದು, ಮಾಲೀಕ ಕೂಡ. ಇನ್ನೆಷ್ಟು ಕಾಲ ಈ ಸಾಲ?

ಉತ್ತರ

ಒಡೆಯ ಅಂದರೆ ಎದುರಿಗೆ ಆಳು ಬಂದು ನಿಲ್ಲುತ್ತಾನೆ. ಇದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ಕಂಪನಿಯಲ್ಲಿ ವಜಾ ಪತ್ರಕ್ಕೆ ಸಹಿ ಹಾಕುವವರೂ ಸಂಬಳಕ್ಕೇ ಇರುವವರು. ಅವರು ಯಾರ ಒಡೆಯರು?

ಇನ್ನು ಸಾಲದ ಮಾತು. ವಕೀಲ ಬೇಡವೆಂದರೆ ನೌಕರ, ವಜಾ, ಅರ್ಜಿ, ದಾವೆ, ತಕರಾರು, ಜಾಮೀನು ಎಲ್ಲ ಹೋಗಬೇಕು. ಎಲ್ಲ ಪಾರಸಿ, ಅರಬಿ ಕಡೆಯಿಂದ ಬಂದವು. ಆಮೇಲೆ ಕೋರ್ಟಿನಲ್ಲಿ ಬಾಯಿ ಬಿಡುವುದು ಹೇಗೆ? ಒಡೆಯ ಬಿಟ್ಟು ಬರೀ ‘ವಾದಿಗ’ ಅಂತ ಬರೆದರೆ ಕೆಲಸ ಕಳೆದುಕೊಂಡವರೂ ತಮ್ಮ ಪರ ಎಂದುಕೊಂಡು ಬಾಗಿಲು ತಟ್ಟುತ್ತಾರೆ. ಯಾರ ಪರ ಅನ್ನುವುದು ಬೋರ್ಡಿನಲ್ಲೇ ಗೊತ್ತಾಗಬೇಕು.

ಕೇಳಿದವರಿಗೆ: ಮೇಲೆ ದೊಡ್ಡದಾಗಿ ‘ಉದ್ಯೋಗ ವ್ಯಾಜ್ಯಗಳ ವಕೀಲರು’, ಕೆಳಗೆ ‘ಆಡಳಿತ ವರ್ಗದ ಪರ’. ಒಬ್ಬರೇ ನಡೆಸುವ ಸಣ್ಣ ಸಂಸ್ಥೆಗಳೂ ಇವರಲ್ಲಿಗೆ ಬರುತ್ತವೆ ಅಂದರೆ ‘ಮಾಲೀಕರು ಮತ್ತು ಆಡಳಿತ ವರ್ಗದ ಪರ’ ಅಂತ ಸೇರಿಸಿ.